‘ಮೊದಲು ಅಂಚು ನೋಡಿ, ಆಮೇಲೆ ರೇಟು ಕೇಳಿ’: ಜೆ.ಸಿ. ರಸ್ತೆಯ ವಿನೈಲ್ ರೋಲ್ ಜತೆ ಮಾತುಕತೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಕಾರ್ ಆಕ್ಸೆಸರೀಸ್ ಅಂಗಡಿ. ಸೀಟ್ ಕವರ್‌ಗಳ ರಾಶಿ, ಸಾಲಾಗಿ ನೇತುಬಿದ್ದ ಸ್ಟೀರಿಂಗ್ ಕವರ್‌ಗಳು, ಡ್ಯಾಶ್‌ಬೋರ್ಡಿಗೆಂದು ಬಂದ ಪುಟಾಣಿ ಗಣಪತಿಗಳು. ಇವೆಲ್ಲದರ ಹಿಂದೆ ಗೋಡೆಗೊರಗಿ ನಿಂತಿದ್ದ ಐದಡಿ ಎತ್ತರದ ರೋಲೊಂದು ನಮ್ಮ ಪತ್ರಿಕೆಯೊಂದಿಗೆ ಮಾತಾಡಲು ಒಪ್ಪಿತು. ಬಣ್ಣ ಸ್ಯಾಟಿನ್ ಬೂದು. ಸದ್ಯಕ್ಕೆ ಊರಿನ ಎಸ್‌ಯುವಿಗಳೆಲ್ಲ ಹಂಬಲಿಸುತ್ತಿರುವುದು ತನಗೇ ಎಂಬ ಗರ್ವ ದನಿಯಲ್ಲಿ ಎದ್ದು ಕಾಣುತ್ತಿತ್ತು. ಅದು ಎರಡು ಷರತ್ತು ಹಾಕಿತು: ಬಿಸಿಲಿಗೆ ಒಯ್ದು ಫೋಟೊ ತೆಗೆಯಬಾರದು, ಸ್ಟಿಕರ್ ಎಂದು ಕರೆಯಬಾರದು.

ಪ್ರಶ್ನೆ: ನಮಸ್ಕಾರ. ನೇರವಾಗಿ ಕೇಳಿಬಿಡುತ್ತೇನೆ. ಚೆನ್ನಾಗಿಯೇ ಇರುವ ಕಾರಿಗೆ ಸ್ಟಿಕರ್ ಅಂಟಿಸಿಕೊಳ್ಳಲು ಜನ ಲಕ್ಷ ರೂಪಾಯಿ ಯಾಕೆ ಕೊಡುತ್ತಾರೆ?

ರೋಲ್: ಮೊದಲ ಪ್ರಶ್ನೆಯಲ್ಲೇ ಒಪ್ಪಂದ ಮುರಿದಿರಿ. ಇರಲಿ, ಪತ್ರಕರ್ತರು. ಸ್ಟಿಕರ್ ಅಂದರೆ ಆಟೊ ಹಿಂದೆ ‘ಅಪ್ಪ ಅಮ್ಮನ ಆಶೀರ್ವಾದ’ ಅಂತ ಇರುತ್ತಲ್ಲ, ಅದು. ಅವರೂ ನಮ್ಮ ಕುಲಬಾಂಧವರೇ, ಬಿಸಿಲುಮಳೆಯಲ್ಲಿ ದುಡಿಯುವ ಮರ್ಯಾದಸ್ಥರು. ನಾನು ಬಾನೆಟ್ಟಿನಿಂದ ಡಿಕ್ಕಿವರೆಗೆ ಇಡೀ ಕಾರು ಮುಚ್ಚುವವನು. ಲಕ್ಷ ಯಾಕೆ ಕೊಡುತ್ತಾರೆ ಅಂದಿರಾ? ಕಾರು ಕೊಂಡು ಆರು ತಿಂಗಳಾಗುವಷ್ಟರಲ್ಲಿ ಅದೇ ಮಾಡೆಲ್ಲಿನ, ಅದೇ ಬಿಳಿ ಬಣ್ಣದ ಎಂಟು ಕಾರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬಂದು ನಿಂತಿರುತ್ತವೆ. ತಮ್ಮದು ಯಾವುದು ಅಂತ ರಿಮೋಟ್ ಒತ್ತಿ ಕೂಗಿಸಿ ಹುಡುಕಬೇಕು. ಆ ಅವಮಾನಕ್ಕೆ ಔಷಧ ನಾನು.

ಪ್ರಶ್ನೆ: ನಿಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಿ.

ರೋಲ್: ಪಾಲಿವಿನೈಲ್ ಕ್ಲೋರೈಡ್ ಮನೆತನ, ಊರವರ ಬಾಯಲ್ಲಿ ಪಿವಿಸಿ. ಮೂಲದಲ್ಲಿ ನಾವು ಬಗ್ಗುವವರಲ್ಲ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೀಮನ್ ಎಂಬ ವಿಜ್ಞಾನಿ ನಮ್ಮನ್ನು ಮೆತ್ತಗೆ ಮಾಡಿದರು. ಅಲ್ಲಿಂದ ಮುಂದೆ ನಮ್ಮವರು ನುಗ್ಗದ ಜಾಗವಿಲ್ಲ. ವೈರಿನ ಹೊದಿಕೆ, ರೆಕ್ಸಿನ್ ಸೀಟು, ಎಲ್‌ಪಿ ರೆಕಾರ್ಡು, ಎಲ್ಲ ದಾಯಾದಿಗಳೇ. ನಮ್ಮನ್ನು ಕಾರಿನ ಮೈಗೆ ಹತ್ತಿಸಿದ್ದು ಜರ್ಮನಿಯ ಟ್ಯಾಕ್ಸಿ. ಅಲ್ಲಿ ಆಗ ಟ್ಯಾಕ್ಸಿಗಳಿಗೆ ತಿಳಿ ದಂತದ ಬಣ್ಣ ಕಡ್ಡಾಯ. ಹಾಗೆ ಬಳಿದ ಕಾರನ್ನು ಮುಂದೆ ಮನೆಮಂದಿ ಓಡಾಡಲು ಕೊಳ್ಳುವವರಾರು? 1993ರಲ್ಲಿ ಕೆಪಿಎಂಎಫ್ ಎಂಬ ಕಂಪನಿಗೆ, ಪೇಂಟ್ ಬದಲು ಫಿಲ್ಮ್ ಮಾಡಿಕೊಡಿ ಎಂಬ ಬೇಡಿಕೆ ಬಂತು. ದುಡಿಯುವಷ್ಟು ದಿನ ದಂತದ ಬಣ್ಣ. ಮಾರುವ ದಿನ ಕಿತ್ತರೆ ಕೆಳಗೆ ಕಂಪನಿಯ ಕಪ್ಪೋ ನೀಲಿಯೋ ಮಾಸದೆ ಕೂತಿರುತ್ತೆ. ಅಂದರೆ ನಾನು ಹುಟ್ಟಿದ್ದು ಟ್ಯಾಕ್ಸಿಯವರ ಲೆಕ್ಕಾಚಾರಕ್ಕೆ. ಶೋಕಿ ನೀವು ಆಮೇಲೆ ಸೇರಿಸಿದ್ದು.

ಪ್ರಶ್ನೆ: ಸರಿ, ರೇಟು ಹೇಳಿ.

ರೋಲ್: ಯಾರಿಗೆ? ಫೋನಿನಲ್ಲಿ ಕೇಳುವವರಿಗೋ, ಅಂಗಡಿಗೆ ಬಂದವರಿಗೋ, ಜರ್ಮನ್ ಕಾರಿನ ಕೀಲಿಯನ್ನು ಟೇಬಲ್ ಮೇಲಿಟ್ಟು ಕೇಳುವವರಿಗೋ?

ಪ್ರಶ್ನೆ: ನಮ್ಮ ಓದುಗರಿಗೆ.

ರೋಲ್: ಹಾಗಾದರೆ ನಿಜ ಹೇಳಬೇಕು. ಊರಿಗೊಂದು, ಅಂಗಡಿಗೊಂದು ಲೆಕ್ಕ, ಇದು ಬರೀ ಅಂದಾಜು. ಸಣ್ಣ ಹ್ಯಾಚ್‌ಬ್ಯಾಕಿಗೆ ಹೆಸರಿಲ್ಲದ ಫಿಲ್ಮ್ ಹಾಕಿ 25ರಿಂದ 40 ಸಾವಿರಕ್ಕೆ ಮುಗಿಸುವವರಿದ್ದಾರೆ. ಹೆಸರಿರುವ ಕಂಪನಿಯ ಫಿಲ್ಮ್ ಆದರೆ ಅದೇ ಕಾರಿಗೆ 50ರಿಂದ 80 ಸಾವಿರ. ದೊಡ್ಡ ಎಸ್‌ಯುವಿಗೆ 80 ಸಾವಿರದಿಂದ ಒಂದೂವರೆ ಲಕ್ಷ. ಕ್ರೋಮ್ ಫಿಲ್ಮ್, ನಿಂತಲ್ಲಿಂದ ಒಂದು ಬಣ್ಣ, ಬಗ್ಗಿದರೆ ಇನ್ನೊಂದು ಬಣ್ಣ ತೋರಿಸುವ ಊಸರವಳ್ಳಿ ಫಿಲ್ಮ್ ಬೇಕೆಂದರೆ ಮೀಟರ್ ಅಲ್ಲಿಂದಲೂ ಮೇಲೆ ಓಡುತ್ತೆ. ಇದರ ಮೇಲೆ 18% ಜಿಎಸ್‌ಟಿ. ‘ಬಿಲ್ ಬೇಕಾ ಸಾರ್?’ ಎಂದು ಕೇಳುವ ದನಿಯಲ್ಲೇ ಉತ್ತರವೂ ಸೇರಿರುತ್ತೆ. ಬೇಡ ಅಂದರೆ ತೆರಿಗೆಯೂ ಉಳಿಯಿತು, ವಾರಂಟಿಯೂ ಉಳಿಯಿತು. ತೆರಿಗೆ ನಿಮ್ಮ ಹತ್ತಿರ, ವಾರಂಟಿ ಅವರ ಹತ್ತಿರ.

ಪ್ರಶ್ನೆ: ಒಂದು ಕಾರಿಗೆ ನೀವು ಎಷ್ಟು ಉದ್ದ ಬೇಕು?

ರೋಲ್: ನನ್ನ ಅಗಲ 1.52 ಮೀಟರ್. ಸಣ್ಣ ಕಾರಿಗೆ ಸುಮಾರು 15 ಮೀಟರ್ ಉದ್ದ ಸಾಕು, ಎಸ್‌ಯುವಿ ಆದರೆ 20 ದಾಟುತ್ತೆ. ಕತ್ತರಿಸಿ ಉಳಿದ ತುಂಡಿಗೂ ದುಡ್ಡು ಕೊಟ್ಟವರು ನೀವೇ. ಅದನ್ನು ಕೇಳಿ ಮನೆಗೊಯ್ಯಿರಿ. ನಾಳೆ ಬೈಕಿನವನು ಬಾಗಿಲು ಗೀಚಿಕೊಂಡು ಹೋದರೆ ಅದೇ ಬ್ಯಾಚಿನ ಬಣ್ಣ ಆಗ ಎಲ್ಲಿ ಸಿಗುತ್ತೆ?

ಪ್ರಶ್ನೆ: 25 ಸಾವಿರ ಎಲ್ಲಿ, ಒಂದೂವರೆ ಲಕ್ಷ ಎಲ್ಲಿ! ನೋಡಲು ಎಲ್ಲ ರೋಲೂ ಒಂದೇ ಥರ ಇದ್ದೀರಲ್ಲ?

ರೋಲ್: ನಮ್ಮಲ್ಲಿ ಎರಡು ಪಂಗಡ. ಕ್ಯಾಲೆಂಡರ್ಡ್ ಅಂದರೆ ಬಿಸಿ ರೋಲರುಗಳ ನಡುವೆ ಅದುಮಿ ಹಿಗ್ಗಿಸಿದ್ದು, ಲಟ್ಟಿಸಿದ ಚಪಾತಿ. ಕಾಸ್ಟ್ ಅಂದರೆ ದ್ರವವನ್ನು ತೆಳ್ಳಗೆ ಹುಯ್ದು ಕಾವಿನಲ್ಲಿ ಗಟ್ಟಿ ಮಾಡಿದ್ದು, ನೀರುದೋಸೆ. ಚಪಾತಿ ಹಿಟ್ಟನ್ನು ಎಳೆದು ಬಿಟ್ಟರೆ ಮೆಲ್ಲಗೆ ಹಿಂದೆ ಸರಿಯುತ್ತಲ್ಲ, ಕ್ಯಾಲೆಂಡರ್ಡ್ ಫಿಲ್ಮಿನ ಬುದ್ಧಿಯೂ ಅದೇ. ಕಾರಿನ ಉಬ್ಬುತಗ್ಗಿಗೆ ಎಳೆದು ಕೂರಿಸಿದರೆ ಕೆಲವು ತಿಂಗಳಲ್ಲಿ ಹಿಂದೆ ಸರಿದು ಅಂಚು ಬಿಡುತ್ತೆ. ಚಪ್ಪಟೆ ಬೋರ್ಡಿಗೆ, ಅಂಗಡಿಯ ಗಾಜಿಗೆ ಅದು ಒಳ್ಳೆಯದೇ. ಕಾಸ್ಟ್ ಫಿಲ್ಮ್ ತೆಳು, ಅಂಟು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 50 ಮೈಕ್ರಾನ್. ತಯಾರಾಗುವಾಗ ಯಾರೂ ಅದನ್ನು ಎಳೆದಿಲ್ಲ, ಹಾಗಾಗಿ ಹಿಂದೆ ಸರಿಯುವ ಚಪಲವೂ ಕಡಿಮೆ. ಮಡಚಿದ ಕಡೆ ಮಡಚಿಕೊಂಡು ಕೂರುತ್ತೆ. ನಾನು ಕಾಸ್ಟ್.

ಪ್ರಶ್ನೆ: ಅದು ನಿಮ್ಮ ಬಾಯಿಂದ. ಗಿರಾಕಿಗೆ ಹೇಗೆ ಗೊತ್ತಾಗಬೇಕು?

ರೋಲ್: ಅಂಗಡಿಯ ಬೋರ್ಡು ಓದಬೇಡಿ, ನನ್ನ ಬೆನ್ನು ಓದಿ. ಒಳ್ಳೆಯ ಕಂಪನಿಗಳು ಹಿಂಬದಿಯ ಕಾಗದದ ಮೇಲೆ ಹೆಸರು ಹಾಕಿರುತ್ತವೆ, ಡಬ್ಬಿಯ ಮೇಲೆ ಸರಣಿ, ಬಣ್ಣದ ಕೋಡು, ಬ್ಯಾಚ್ ನಂಬರು ಇರುತ್ತೆ. ತ್ರೀಎಂ 2080, ಏವರಿ ಡೆನಿಸನ್‌ನ ಸುಪ್ರೀಂ ರ‍್ಯಾಪಿಂಗ್ ಫಿಲ್ಮ್, ಒರಾಫಾಲ್‌ನ 970, ಇವೆಲ್ಲ ಕಾಸ್ಟ್ ಮನೆತನದವರು. ಡಬ್ಬಿಯನ್ನು ನಿಮ್ಮೆದುರೇ ಒಡೆಯಲಿ. ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಅದೇ ಕೋಡು ಬರೆಸಿ. ‘ಇಂಪೋರ್ಟೆಡ್ ಸಾರ್’ ಅನ್ನುವುದು ಕಂಪನಿಯ ಹೆಸರಲ್ಲ. ಸ್ಯಾಂಪಲ್ ಪುಸ್ತಕದ ಚೂರಿನಲ್ಲಿ ತ್ರೀಎಂ, ಕಾರಿನ ಮೇಲೆ ದೇವರೇ ಬಲ್ಲ, ಇಂಥ ವ್ಯವಹಾರವೂ ಉಂಟು.

ಪ್ರಶ್ನೆ: ಅಂದರೆ ಒಳ್ಳೆಯ ಫಿಲ್ಮ್ ಸಿಕ್ಕರೆ ಅರ್ಧ ಗೆದ್ದಂತೆ?

ರೋಲ್: ಇದೇ ತಪ್ಪು ತಿಳಿವಳಿಕೆ. ಬಾಗಿಲಿನ ಚಪ್ಪಟೆ ಜಾಗಕ್ಕೆ ನನ್ನನ್ನು ನೀವೂ ಅಂಟಿಸಬಹುದು. ಗಾಳಿ ಹೊರಹೋಗಲು ನನ್ನ ಅಂಟಿನಲ್ಲೇ ಸಣ್ಣ ಸಣ್ಣ ಕಾಲುವೆಗಳಿರುತ್ತವೆ, ಸ್ಕ್ವೀಜಿ ಎಳೆದರೆ ಗುಳ್ಳೆ ಮಾಯ. ದುಡ್ಡು ಇರುವುದು ಅಂಚಿನಲ್ಲಿ, ಮೂಲೆಯಲ್ಲಿ, ಗುಂಡಿಯಲ್ಲಿ. ಮೊನ್ನೆ ಇಲ್ಲೇ ಒಂದು ಕೆಂಪು ಎಸ್‌ಯುವಿಯ ಮುಂದಿನ ಬಂಪರಿಗೆ ಕೆಲಸ ನಡೆದಿತ್ತು. ಫಾಗ್ ಲ್ಯಾಂಪಿನ ಸುತ್ತ ಬೆರಳುದ್ದದ ಗುಂಡಿ. ಇಬ್ಬರು ಹುಡುಗರು ನನ್ನ ಅಣ್ಣನನ್ನು ಎರಡು ತುದಿಯಲ್ಲಿ ಹಿಡಿದು ಬಂಪರಿಗೆ ಹಾಸಿದರು. ಹೀಟ್ ಗನ್ನಿನ ಬಿಸಿ ತಾಗಿದರೆ ನಾವು ಜೋಲುತ್ತೇವೆ, ಸುಕ್ಕುಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಆತುರದವನು ಆ ಕ್ಷಣದಲ್ಲೇ ಹೆಬ್ಬೆರಳಿಂದ ಗುಂಡಿಯೊಳಕ್ಕೆ ತಳ್ಳಿ ಕೈ ತೊಳೆದುಕೊಳ್ಳುತ್ತಾನೆ. ಎಳೆದಲ್ಲಿ ಬಣ್ಣ ತೆಳುವಾಗಿ ಕೆಳಗಿನ ಕೆಂಪು ಇಣುಕುತ್ತೆ. ಸಂಜೆ ಬಂದ ಮಾಲೀಕ ಟ್ಯೂಬ್‌ಲೈಟಿನಲ್ಲಿ ನೋಡಿ ‘ಸೂಪರ್ ಗುರು’ ಎನ್ನುತ್ತಾನೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಫಿಲ್ಮ್ ಗುಂಡಿ ಬಿಟ್ಟೆದ್ದು ಬಿಗಿಯಾಗಿ ನಿಲ್ಲುತ್ತೆ.

ಇವರು ಹಾಗೆ ಮಾಡಲಿಲ್ಲ. ಹಿರಿಯವನು ಗುಂಡಿಗೆಂದೇ ಒಂದು ತುಂಡು ಕತ್ತರಿಸಿ ಮೊದಲು ಒಳಗೆ ಕೂರಿಸಿದ. ದೊಡ್ಡ ಹಾಳೆ ಅದರ ಅಂಚಿನ ಮೇಲೆ ಕೆಲವೇ ಮಿಲಿಮೀಟರ್ ಹತ್ತುವಂತೆ ಹೊಂದಿಸಿದ. ಕೊನೆಗೆ ಎಳೆತ ಬಿದ್ದ ಕಡೆಯೆಲ್ಲ ಮತ್ತೊಮ್ಮೆ ಕಾಯಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು 100 ಡಿಗ್ರಿಯ ಆಸುಪಾಸು ಮುಟ್ಟಿತಾ ಅಂತ ನೋಡಿದ. ಇದಕ್ಕೆ ಪೋಸ್ಟ್ ಹೀಟಿಂಗ್ ಎನ್ನುತ್ತಾರೆ. ಹಳೆಯ ಆಕಾರದ ನೆನಪು ನಮಗೆ ಬಿಟ್ಟುಹೋಗುವುದು ಇದೇ ಚಿಕಿತ್ಸೆಯಿಂದ. ಆ ಒಂದು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ರೇಟಿನ ಪಟ್ಟಿಯಲ್ಲಿ ಆ ಮುಕ್ಕಾಲು ಗಂಟೆಗೆ ಸಾಲೇ ಇಲ್ಲ. ಕಡಿಮೆ ರೇಟಿನವನು ಕಳೆಯುವುದು ಅದನ್ನೇ.

ಪ್ರಶ್ನೆ: ಹಾಗಾದರೆ ಇಂಥ ಕೈಯನ್ನು ಹುಡುಕುವುದು ಹೇಗೆ? ಎಲ್ಲರ ರೀಲ್ಸೂ ಚೆನ್ನಾಗಿಯೇ ಇರುತ್ತೆ.

ರೋಲ್: ರೀಲ್ಸಿನಲ್ಲಿರುವುದು ಕಾರು ಹೊರಬಿದ್ದ ದಿನದ ಮದುವಣಗಿತ್ತಿ ಸಂಭ್ರಮ, ಹೊಗೆ, ಹಿನ್ನೆಲೆ ಸಂಗೀತ. ಹದಿನೆಂಟು ತಿಂಗಳ ನಂತರದ ರೀಲ್ಸ್ ಯಾರೂ ಹಾಕುವುದಿಲ್ಲ. ನೀವು ಅದನ್ನೇ ಕೇಳಿ: ‘ಒಂದು ವರ್ಷಕ್ಕಿಂತ ಹಳೆಯ ಕೆಲಸ ತೋರಿಸಿ.’ ತೋರಿಸಿದರೆ ಬಾನೆಟ್ ನೋಡುತ್ತಾ ನಿಲ್ಲಬೇಡಿ. ಬಾಗಿಲು ತೆಗೆದು ಅಂಚಿನಲ್ಲಿ ಉಗುರು ಆಡಿಸಿ. ಕನ್ನಡಿಯ ಕೆಳಭಾಗ, ಬಂಪರ್ ಮತ್ತು ಫೆಂಡರ್ ಸೇರುವ ಜಾಗ, ಪೆಟ್ರೋಲ್ ಮುಚ್ಚಳದ ಒಳಮಡಿಕೆ ನೋಡಿ. ದೂಳು ಕಪ್ಪು ಗೆರೆಯಾಗಿ ಕೂತಿದ್ದರೆ ಅಲ್ಲಿ ಅಂಚು ಎದ್ದಿದೆ ಎಂದೇ ಅರ್ಥ.

ಎರಡನೆಯದು, ‘ಡೋರ್ ಹ್ಯಾಂಡಲ್, ಲೈಟು, ಲೋಗೊ ಬಿಚ್ಚುತ್ತೀರಾ?’ ಎಂದು ಕೇಳಿ. ಬಿಚ್ಚಿದರೆ ನನ್ನ ತುದಿ ಅವುಗಳ ಹಿಂದೆ ಮಡಚಿ ಕೂರುತ್ತೆ. ಬಿಚ್ಚದೆ ಸುತ್ತ ಕತ್ತರಿಸಿದರೆ ತುದಿ ಬಯಲಲ್ಲೇ ನಿಲ್ಲುತ್ತೆ, ಪ್ರತಿ ವಾಟರ್ ಸರ್ವೀಸಿಗೂ ಒಂದಿಷ್ಟು ಏಳುತ್ತೆ. ಮೂರನೆಯದು, ‘ಎಷ್ಟು ದಿನ?’ ಬಿಚ್ಚಿ, ತೊಳೆದು, ಕ್ಲೇ ಬಾರ್ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟಿಸಿ, ಕಾಯಿಸಿ, ಮತ್ತೆ ಜೋಡಿಸುವುದಕ್ಕೆ ಮೂರರಿಂದ ಐದು ದಿನ ಬೇಕು. ‘ಬೆಳಗ್ಗೆ ಬಿಡಿ, ಸಂಜೆ ಬನ್ನಿ’ ಎಂದವರಿಗೆ ನಮಸ್ಕಾರ ಹೇಳಿ ಮುಂದಕ್ಕೆ ಹೋಗಿ.

ನಾಲ್ಕನೆಯದು, ಕೆಲಸ ಮಾಡುವ ಜಾಗ. ರಸ್ತೆ ಬದಿಯಲ್ಲಿ, ಬಸ್ಸಿನ ಹೊಗೆಯಲ್ಲಿ ಅಂಟಿಸಿದರೆ ನನ್ನ ಕೆಳಗೆ ಜೆ.ಸಿ. ರಸ್ತೆಯ ದೂಳು ಶಾಶ್ವತ ಬಾಡಿಗೆದಾರ. ಹೊಳಪಿನ ಫಿಲ್ಮಿನಲ್ಲಿ ಒಂದೊಂದು ಕಣವೂ ಮೊಡವೆಯಾಗಿ ಕಾಣುತ್ತೆ. ಮುಚ್ಚಿದ ಕೋಣೆ ಇರಲಿ, ನೆಲ ಒದ್ದೆ ಮಾಡಿರಲಿ. ಏವರಿ ಡೆನಿಸನ್, ತ್ರೀಎಂ ಥರದ ಕಂಪನಿಗಳು ರ‍್ಯಾಪ್ ಮಾಡುವವರಿಗೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್ ಕೊಡುತ್ತವೆ. ಗೋಡೆಯ ಮೇಲೆ ಸರ್ಟಿಫಿಕೇಟ್ ಇದ್ದರೆ ಸಂತೋಷ, ಆದರೆ ಅದರಲ್ಲಿ ಹೆಸರಿರುವವನೇ ನಿಮ್ಮ ಕಾರು ಮುಟ್ಟುತ್ತಾನಾ ಎಂದೂ ಕೇಳಿ.

ಪ್ರಶ್ನೆ: ಬ್ಲೇಡಿನ ಬಗ್ಗೆ ಏನೇನೋ ಕೇಳಿದ್ದೇನೆ.

ರೋಲ್: (ದನಿ ತಗ್ಗಿಸಿ) ನಮ್ಮ ವೃತ್ತಿಯ ಗುಟ್ಟು ಅದು. ಕಾರಿನ ಮೇಲೆ ಹಾಸಿದ ಮೇಲೆ ನನ್ನನ್ನು ಕತ್ತರಿಸಬೇಕಲ್ಲ? ಬ್ಲೇಡು ಒಂದಿಷ್ಟು ಒತ್ತಿ ಬಿದ್ದರೆ ನನ್ನ ಜತೆ ಕೆಳಗಿನ ಕ್ಲಿಯರ್ ಕೋಟೂ ಸೀಳುತ್ತೆ. ಅವತ್ತು ಕಾಣುವುದಿಲ್ಲ, ಮುಚ್ಚಿರುವವನು ನಾನೇ. ಮೂರು ವರ್ಷದ ಮೇಲೆ ಕಿತ್ತಾಗ ಬಾಗಿಲಿನುದ್ದಕ್ಕೂ ಗೆರೆ. ಅಷ್ಟರಲ್ಲಿ ಅಂಗಡಿ ಮೊಬೈಲ್ ಶೋರೂಮ್ ಆಗಿರುತ್ತೆ. ಇದಕ್ಕೆಂದೇ ನೈಫ್‌ಲೆಸ್ ಟೇಪ್ ಬಂದಿದೆ. ಅದರೊಳಗೆ ಒಂದು ಎಳೆ ದಾರವಿರುತ್ತೆ. ಟೇಪನ್ನು ಮೊದಲೇ ಅಂಟಿಸಿ, ಮೇಲೆ ನನ್ನನ್ನು ಹಾಸಿ, ದಾರವನ್ನು ಎಳೆದರೆ ಕೆಳಗಿನಿಂದ ನೇರವಾಗಿ ಕತ್ತರಿಸಿಕೊಂಡು ಬರುತ್ತೆ. ಅದನ್ನು ಬಳಸುತ್ತೀರಾ ಅಂತ ಕೇಳಿ. ‘ನಮ್ಮ ಹುಡುಗನ ಕೈ ಪಕ್ಕಾ ಸಾರ್’ ಎಂಬ ಉತ್ತರ ಬಂದರೆ, ಆ ಹುಡುಗನ ಸ್ವಂತ ಬೈಕಿನ ಟ್ಯಾಂಕ್ ನೋಡಿ ತೀರ್ಮಾನಿಸಿ.

ಪ್ರಶ್ನೆ: ನಿಮ್ಮ ಗಿರಾಕಿಗಳಲ್ಲಿ ಯಾರು ಯಾರು ಇರುತ್ತಾರೆ?

ರೋಲ್: ಜಾತಕದವರು ಬರುತ್ತಾರೆ. ಕಾರು ಕೊಂಡ ಮೇಲೆ ಕಪ್ಪು ಆಗಿಬರಲ್ಲ ಎಂದು ತಿಳಿದವರು. ಇಎಂಐ ಇನ್ನೂ ಆರು ವರ್ಷ ಬಾಕಿ, ಶನಿ ಮಾತ್ರ ಈ ವಾರವೇ ಇಳಿಯಬೇಕು. ರಾಜಕೀಯದವರು ಬರುತ್ತಾರೆ. ಅವರಿಗೆ ನನ್ನಷ್ಟು ಅನುಕೂಲ ಯಾರೂ ಇಲ್ಲ, ಮೂಲ ಬಣ್ಣ ಒಳಗೆ ಭದ್ರ, ಟಿಕೆಟ್ ಸಿಗದಿದ್ದರೆ ಕಿತ್ತು ಮಾತೃಪಕ್ಷಕ್ಕೆ ಮರಳಬಹುದು. ಇನ್ನು ತುಕ್ಕು ಮುಚ್ಚಲು ಬರುವವರು. ಅವರಿಗೆ ಕೈಮುಗಿದು ಹೇಳುತ್ತೇನೆ: ನಾನು ಪುಟ್ಟಿ ಅಲ್ಲ. ಡೆಂಟ್ ಇದ್ದರೆ ಡೆಂಟ್ ಸಮೇತ ಹೊಳೆಯುತ್ತೇನೆ, ಏಳುತ್ತಿರುವ ಪೇಂಟಿನ ಮೇಲೆ ಅಂಟಿಸಿದರೆ ಕೀಳುವ ದಿನ ಅದನ್ನೂ ಕರೆದುಕೊಂಡು ಬರುತ್ತೇನೆ. ಫ್ಯಾಕ್ಟರಿ ಪೇಂಟಾದರೆ ಸಾಮಾನ್ಯವಾಗಿ ಭಯವಿಲ್ಲ. ಗ್ಯಾರೇಜಿನಲ್ಲಿ ಮರುಬಣ್ಣ ಬಳಿಸಿದ ಕಾರಾದರೆ ಆ ವಿಷಯ ಮೊದಲೇ ಹೇಳಿಬಿಡಿ.

ಪ್ರಶ್ನೆ: ಕಲ್ಲೇಟು, ಗೀರು ತಡೆಯುತ್ತೀರಾ?

ರೋಲ್: ಸಣ್ಣಪುಟ್ಟ ಗೀರು ನನ್ನ ಮೈಮೇಲೆ ಹಾಕಿಕೊಳ್ಳುತ್ತೇನೆ, ಅಷ್ಟೇ. ಹೆದ್ದಾರಿಯ ಕಲ್ಲಿಗೆ ಎದೆಯೊಡ್ಡುವವನು ಬೇರೆ, ಪಿಪಿಎಫ್ ಅಂತ, ಪಾಲಿಯುರಿಥೇನ್ ಮನೆತನ. ನನಗಿಂತ ಎರಡು ಮೂರು ಪಟ್ಟು ದಪ್ಪ, ದರವೂ ಹಾಗೇ. ಬಿಸಿ ತಾಗಿದರೆ ಅವನ ಸಣ್ಣ ಗೀರುಗಳು ತಾವೇ ಮಾಯುತ್ತವೆ. ಬಣ್ಣ ಬದಲಾಗಬೇಕೋ, ಬಣ್ಣ ಉಳಿಯಬೇಕೋ ಎಂದು ಮೊದಲು ನಿರ್ಧರಿಸಿ. ಎರಡೂ ಒಂದೇ ರೇಟಿನಲ್ಲಿ ಕೊಡುತ್ತೇನೆ ಎಂದವನ ಅಂಗಡಿಯಲ್ಲಿ ಕಾಫಿಯನ್ನೂ ಕುಡಿಯಬೇಡಿ.

ಪ್ರಶ್ನೆ: ಕಾನೂನಿನ ವಿಷಯದಲ್ಲಿ ನೀವು ಸ್ವಲ್ಪ ಜಾರಿಕೊಳ್ಳುತ್ತೀರಿ ಎಂಬ ಆರೋಪವಿದೆ.

ರೋಲ್: ನಾನು ಅಂಟಿಕೊಳ್ಳುವವನು, ಜಾರುವುದು ನನ್ನ ಗುಣವಲ್ಲ. ಆರ್‌ಸಿಯಲ್ಲಿ ಬಣ್ಣಕ್ಕೊಂದು ಕಾಲಂ ಇದೆ. ವಾಹನ ಆರ್‌ಸಿಯ ವಿವರಕ್ಕೆ ಹೊಂದುವಂತಿರಬೇಕು ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಶಯ. ಬಿಳಿ ಎಂದು ಬರೆದ ಕಾರು ಬೂದು ಆಗಿದ್ದರೆ ಆರ್‌ಟಿಒಗೆ ತಿಳಿಸಿ ನಮೂದು ಮಾಡಿಸಿಕೊಳ್ಳುವುದು ಕ್ಷೇಮ, ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಇನ್ಶೂರೆನ್ಸಿನವರಿಗೂ ಹೇಳಿ. ಇಲ್ಲದಿದ್ದರೆ ಅಪಘಾತದ ಮೇಲೆ ಅವರು ಬಾಗಿಲಿನ ದುಡ್ಡು ಕೊಡಬಹುದು, ನನ್ನ ಪಾಲಿಗೆ ಚೊಂಬು. ಇಷ್ಟನ್ನೂ ಅಂಗಡಿಯವನು ಹೇಳುತ್ತಾನಾ? ‘ಯಾರೂ ಹಿಡಿಯಲ್ಲ ಸಾರ್’ ಎಂಬ ಮೂರು ಪದದಲ್ಲಿ ಇಡೀ ಕಾಯ್ದೆಯ ಸಾರಾಂಶ ಹೇಳಿ ಮುಗಿಸುತ್ತಾನೆ.

ಇನ್ನೊಂದು ತಮಾಷೆ. ದೊಡ್ಡ ಜೀಪುಗಳಿಗೆ ಮ್ಯಾಟ್ ಮಿಲಿಟರಿ ಹಸಿರು ಬೇಕು ಎಂದು ಬರುವ ಹುಡುಗರಿದ್ದಾರೆ. ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆಯವರು ಆಲಿವ್ ಹಸಿರು ಬಳಿಯುವಂತಿಲ್ಲ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಹೇಳುತ್ತೆ. ‘ಬಳಿದಿಲ್ಲ, ಅಂಟಿಸಿದ್ದೇನೆ’ ಎಂದು ಚೆಕ್‌ಪೋಸ್ಟಿನಲ್ಲಿ ವಾದಿಸುವ ಧೈರ್ಯ ಇದ್ದವರು ಅಂಟಿಸಿಕೊಳ್ಳಲಿ. ಗಾಜಿಗೆ ಅಂಟುವ ನಮ್ಮ ನೆಂಟ ಕಪ್ಪು ಫಿಲ್ಮಿನ ಗತಿ ನೋಡಿದ್ದೇನೆ. 2012ರಲ್ಲಿ ಸುಪ್ರೀಂ ಕೋರ್ಟ್ ಬೇಡ ಎಂದ ಮೇಲೆ ಟ್ರಾಫಿಕ್ ಪೊಲೀಸರು ನಡುರಸ್ತೆಯಲ್ಲೇ ಅವನ ಸಿಪ್ಪೆ ಸುಲಿದರು.

ಪ್ರಶ್ನೆ: ನಿಮ್ಮ ಆಯುಸ್ಸು ಎಷ್ಟು?

ರೋಲ್: ಮಾಲೀಕನನ್ನು ಕೇಳಿ. ನೆರಳಿನಲ್ಲಿ ನಿಲ್ಲಿಸಿ, ಕೈಯಲ್ಲಿ ತೊಳೆದು, ಹಕ್ಕಿ ಹಿಕ್ಕೆಯನ್ನು ಅವತ್ತೇ ಒರೆಸಿದರೆ ಒಳ್ಳೆಯ ಫಿಲ್ಮ್ ನಾಲ್ಕೈದು ವರ್ಷ ಬಾಳುತ್ತೆ. ಕಲಬುರಗಿಯ ಬಿಸಿಲಿನಲ್ಲಿ ದಿನವಿಡೀ ನಿಲ್ಲಿಸಿದರೆ ಅಷ್ಟು ನಿರೀಕ್ಷಿಸಬೇಡಿ. ಮೊದಲು ಸೋಲುವುದು ಬಾನೆಟ್ ಮತ್ತು ಟಾಪ್, ಸೂರ್ಯನಿಗೆ ಮುಖ ಕೊಟ್ಟು ಮಲಗಿರುವವರು ಅವರೇ. ಅದಕ್ಕೇ ಕಂಪನಿಗಳ ವಾರಂಟಿಯಲ್ಲಿ ನಿಂತ ಭಾಗಕ್ಕೊಂದು ಅವಧಿ, ಮಲಗಿದ ಭಾಗಕ್ಕೊಂದು ಅವಧಿ. ಆ ಸಣ್ಣ ಅಕ್ಷರ ಓದಿ. ಫಿಲ್ಮಿನ ವಾರಂಟಿ ಕಂಪನಿಯದು, ಕೈಕೆಲಸದ ವಾರಂಟಿ ಅಂಗಡಿಯದು. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಪ್ರೆಷರ್ ವಾಶ್ ಮಾಡುವಾಗ ನಳಿಗೆಯನ್ನು ಅಂಚಿನ ಹತ್ತಿರ ಹಿಡಿಯಬಾರದು. ಮ್ಯಾಟ್ ಫಿಲ್ಮಿಗೆ ಪಾಲಿಶ್ ಹೊಡೆಯಬಾರದು, ಹೊಡೆದ ಕಡೆ ಹೊಳಪಿನ ತೇಪೆ ಬಿದ್ದು ನಿಲ್ಲುತ್ತೆ. ಆಯುಸ್ಸು ಮುಗಿದ ಮೇಲೂ ಪ್ರೀತಿಯಿಂದ ಇಟ್ಟುಕೊಂಡವರಿಗೆ ಒಂದು ಮಾತು: ಒಣಗಿದ ಮೇಲೆ ನಾನು ಹಾಳೆಯಾಗಿ ಬರುವುದಿಲ್ಲ, 
ಚಕ್ಕೆ ಚಕ್ಕೆಯಾಗಿ ಬರುತ್ತೇನೆ. ಕೀಳುವ ಕೂಲಿ ಆಗ ಅಂಟಿಸಿದ ಕೂಲಿಗೆ ಸವಾಲು ಹಾಕುತ್ತೆ. ಅದನ್ನೂ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಕೊನೆಯ ಪ್ರಶ್ನೆ. ಆತ್ಮಸಾಕ್ಷಿಯಾಗಿ ಹೇಳಿ, ನಿಮ್ಮನ್ನು ಹಾಕಿಸಿಕೊಳ್ಳಬೇಕಾ?

ರೋಲ್: ಲೆಕ್ಕ ಹಾಕೋಣ. 80 ಸಾವಿರ ಕೊಟ್ಟಿರಿ, ನಾಲ್ಕು ವರ್ಷ ಬಾಳಿದೆ ಅಂತಿಟ್ಟುಕೊಳ್ಳಿ. ದಿನಕ್ಕೆ 55 ರೂಪಾಯಿ. ನಿಮ್ಮ ಕಾರಿನ ಹೊಸ ಬಣ್ಣ ಯಾರು ಯಾರು ನೋಡುತ್ತಾರೆ? ಪಕ್ಕದ ಮನೆಯವರು, ಸಿಗ್ನಲ್ಲಿನಲ್ಲಿ ನಿಂತವರು, ವ್ಯಾಲೆ ಪಾರ್ಕಿಂಗ್ ಹುಡುಗ. ನೀವು ಒಳಗೆ ಕೂತಿರುತ್ತೀರಿ. ನಿಮಗೆ ಕಾಣುವುದು ಮುಂದೆ ಅಲ್ಲಾಡದೆ ನಿಂತಿರುವ ಬಿಎಂಟಿಸಿ ಬಸ್ಸಿನ ಬೆನ್ನು, ಅದರ ತುಂಬ ಅಂಟಿಸಿದ ಜಾಹೀರಾತು. ಅದೂ ನಮ್ಮವನೇ, ವಿನೈಲ್. ವ್ಯತ್ಯಾಸ ಇಷ್ಟೇ: ನೀವು ದುಡ್ಡು ಕೊಟ್ಟು ಅಂಟಿಸಿಕೊಂಡಿರಿ, ಬಸ್ಸು ದುಡ್ಡು ಇಸಿದುಕೊಂಡು ಅಂಟಿಸಿಕೊಂಡಿತು. ವ್ಯವಹಾರ ಯಾರಿಗೆ ಗೊತ್ತು ಎಂದು ನಿಮ್ಮ ಓದುಗರೇ ಹೇಳಲಿ.